ಆ ಪೆಟ್ಟಿಗೆಗೆ ಕೆಲಸ ಕೊಡಿ

ಓದುಗರ ಪತ್ರ: ‘ಹೊಸ ಫ್ಲ್ಯಾಟ್‌ಗೆ ಬಂದು ಮೂರು ತಿಂಗಳಾಯಿತು. ಬಿಳಿ ಗೋಡೆ, ಬೂದು ಬಣ್ಣದ ಸೋಫಾ, ಗಾಜಿನ ಟೀಪಾಯಿ. ಈಗ ನಮ್ಮ ಅತ್ತೆಯವರ ದೊಡ್ಡ ಮರದ ಪೆಟ್ಟಿಗೆ ಮತ್ತು ಕೆತ್ತನೆ ಚೌಕಟ್ಟಿನ ಕನ್ನಡಿ ನಮ್ಮ ಪಾಲಿಗೆ ಬಂದಿವೆ. ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟು ಮೇಲೊಂದು ಲೈಟ್ ಹಾಕೋಣ, ಒಳ್ಳೆಯ ಶೋಪೀಸ್ ಆಗುತ್ತದೆ ಎಂದು ಇಂಟೀರಿಯರ್ ಡಿಸೈನರ್ ಹೇಳುತ್ತಾರೆ. ಇದನ್ನು ಯಾರಿಗಾದರೂ ಕೊಟ್ಟುಬಿಡಿ, ಬೇಕಿದ್ದರೆ ಆಂಟಿಕ್ ಲುಕ್ ಇರುವ ಹೊಸದನ್ನೇ ತರೋಣ ಅನ್ನುತ್ತಾಳೆ ಮಗಳು. ಹಳೆಯದು, ಹೊಸದು ಒಂದೇ ಕೋಣೆಯಲ್ಲಿ ಹೊಂದುತ್ತವೆಯೇ?’

ಸಂಪಾದಕರ ಉತ್ತರ: ಹೊಂದುತ್ತವೆ. ಆ ಬಗ್ಗೆ ಅನುಮಾನವೇ ಬೇಡ. ಆದರೆ ನಿಮ್ಮ ಪತ್ರದ ಒಂದು ಪದ ನನ್ನನ್ನು ಎರಡು ದಿನ ಕಾಡಿತು. ಶೋಪೀಸ್. ನಿಮ್ಮ ಅತ್ತೆಯವರು ಆ ಪೆಟ್ಟಿಗೆಯ ಮುಚ್ಚಳವನ್ನು ಎಷ್ಟು ಸಾವಿರ ಸಲ ಎತ್ತಿದ್ದಾರೋ! ಮಡಚಿದ ಬಟ್ಟೆ, ಕಾಗದಪತ್ರ, ಮಕ್ಕಳ ಕೈಗೆ ಸಿಗಬಾರದ ಸಾಮಾನು ಎಲ್ಲ ಅದರೊಳಗೇ ಇದ್ದಿರಬೇಕು. ಅಷ್ಟು ದುಡಿದ ಪೆಟ್ಟಿಗೆಯನ್ನು ಖಾಲಿ ಮಾಡಿ, ಮೂಲೆಯಲ್ಲಿ ಕೂರಿಸಿ, ಅದರ ತಲೆಯ ಮೇಲೆ ದೀಪ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಡಿಸೈನರ್ ಮಾತಿನಲ್ಲೂ ಅರ್ಥವಿದೆ, ಇಲ್ಲ ಅನ್ನುವುದಿಲ್ಲ. ಹಳೆಯ ಸಾಮಾನು ಜಾಸ್ತಿಯಾದರೆ ಮನೆ ಗೋಡೌನ್ ಆಗುತ್ತದೆ. ದೊಡ್ಡ ವಸ್ತುವಿನ ಸುತ್ತ ಸ್ವಲ್ಪ ಖಾಲಿ ಜಾಗ ಬೇಕು ಅನ್ನುವುದೂ ಸರಿಯೇ.

ಈಗ ನನ್ನ ಮಾತು. ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕ ದಂಪತಿಯ ಹೆಸರು ಕೇಳಿದ್ದೀರಾ? 1949ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಅವರು ತಮಗಾಗಿ ಒಂದು ಮನೆ ಕಟ್ಟಿಕೊಂಡರು. ಉಕ್ಕಿನ ಚೌಕಟ್ಟು, ದೊಡ್ಡ ದೊಡ್ಡ ಗಾಜು, ಕಾರ್ಖಾನೆಯಲ್ಲಿ ಸಿದ್ಧವಾಗಿ ಸಿಗುವ ಭಾಗಗಳು. ಅದಕ್ಕಿಂತ ಮಾಡರ್ನ್ ಮನೆ ಆ ಕಾಲದಲ್ಲಿ ಸಿಗುವುದು ಕಷ್ಟ. ಒಳಗೆ ಏನಿತ್ತು ಗೊತ್ತೇ? ಬೇರೆ ಬೇರೆ ನಾಡಿನ ಜಾನಪದ ಬೊಂಬೆಗಳು, ಕೈಯಲ್ಲಿ ನೇಯ್ದ ಹಾಸು, ದಿಂಬು, ಚಿಪ್ಪು, ಕಲ್ಲು. ಆ ಮನೆಯ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಉಕ್ಕಿನ ಕಂಬದ ಪಕ್ಕದಲ್ಲಿ ನೇಯ್ದ ಬಟ್ಟೆ ಎಷ್ಟು ಹಾಯಾಗಿ ಕೂತಿದೆ ಅಂದರೆ, ಇವೆರಡೂ ಬೇರೆ ಲೋಕದವು ಅನ್ನುವುದೇ ಮರೆತುಹೋಗುತ್ತದೆ.

ಇದೇ ದಂಪತಿ ನಮ್ಮ ಸರ್ಕಾರದ ಕರೆಯ ಮೇಲೆ ಭಾರತ ಸುತ್ತಿ, 1958ರಲ್ಲಿ ಒಂದು ವರದಿ ಕೊಟ್ಟರು. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಲು ಅದೇ ದಾರಿಯಾಯಿತು. ಆ ವರದಿಯಲ್ಲಿ ಅವರು ಮನಸಾರೆ ಮೆಚ್ಚಿ ಬರೆದದ್ದು ಒಂದು ಸಾಮಾನ್ಯ ಲೋಟಾದ ಬಗ್ಗೆ, ಅಂದರೆ ನೀರು ತರುವ ತಂಬಿಗೆಯ ಬಗ್ಗೆ. ಅದನ್ನು ತಲೆ ಮೇಲೆ ಹೊರುತ್ತಾರೋ, ಸೊಂಟದ ಮೇಲೋ? ತುಂಬಿದಾಗ ತೂಕ ಹೇಗೆ ನಿಲ್ಲುತ್ತದೆ? ತೊಳೆಯಲು ಕೈ ಒಳಗೆ ಹೋಗುತ್ತದೆಯೇ? ನೀರು ಸುರಿದಾಗ ಸದ್ದು ಹೇಗಿರುತ್ತದೆ? ಹೀಗೆ ಪ್ರಶ್ನೆ ಮೇಲೆ ಪ್ರಶ್ನೆ. ಗಮನಿಸಿ, ಎಲ್ಲವೂ ಅದರ ಕೆಲಸದ ಪ್ರಶ್ನೆಗಳೇ. ಆ ಚೆಲುವು ಬಂದದ್ದು ತಲೆತಲಾಂತರದ ಬಳಕೆಯಿಂದ. ನಿಮ್ಮ ಪೆಟ್ಟಿಗೆಗೂ ಈ ಮಾತು ಸಲ್ಲುತ್ತದೆ.

ಇನ್ನೊಂದು ಕಥೆ ಹೇಳಿಬಿಡುತ್ತೇನೆ. ಮೈಕೆಲ್ ಥೋನೆಟ್ ಎಂಬ ಬಡಗಿ ಬೀಚ್ ಮರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸುವ ವಿದ್ಯೆ ಪಳಗಿಸಿಕೊಂಡಿದ್ದರು. 1859ರಲ್ಲಿ ಅವರ ಕಂಪನಿ ತಂದ 14ನೇ ನಂಬರಿನ ಕುರ್ಚಿಗೆ ಬರೀ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್. ಬಿಡಿಸಿದರೆ ಒಂದು ಘನ ಮೀಟರ್ ಡಬ್ಬಿಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಮುಂದೆ 1925ರಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಪ್ಯಾರಿಸ್ ಪ್ರದರ್ಶನದಲ್ಲಿ ಹೊಸ ಕಾಲದ ಮನೆ ಹೀಗಿರಬೇಕು ಎಂದು ತೋರಿಸಿದಾಗ, ಅದರೊಳಗೆ ಇಟ್ಟದ್ದು ಅದೇ ಕಂಪನಿಯ ಬಾಗುಮರದ ಕುರ್ಚಿಗಳನ್ನು. ಮನೆಯನ್ನು ಯಂತ್ರಕ್ಕೆ ಹೋಲಿಸಿದ ಮನುಷ್ಯ! ಅವರಿಗೇ ಹಳೆಯ ಬಗೆಯ ಕುರ್ಚಿ ಅಡ್ಡಿಯಾಗಲಿಲ್ಲ. ಕೂರಲು ಚೆನ್ನಾಗಿತ್ತು, ಹಗುರವಾಗಿತ್ತು, ಸಾಕಾಯಿತು.

ಸರಿ, ನಿಮ್ಮ ಮನೆಗೆ ಬರೋಣ. ಮೊದಲು ಪೆಟ್ಟಿಗೆಯ ಎತ್ತರ ಅಳೆಯಿರಿ. ಸೋಫಾದ ಆಸನ ಸಾಮಾನ್ಯವಾಗಿ 40ರಿಂದ 45 ಸೆಂಟಿಮೀಟರ್ ಎತ್ತರ ಇರುತ್ತದೆ. ಪೆಟ್ಟಿಗೆ ಅದಕ್ಕೆ ಸಮವಾಗಿದ್ದರೆ ಅಥವಾ ಸ್ವಲ್ಪ ತಗ್ಗಾಗಿದ್ದರೆ, ಗಾಜಿನ ಟೀಪಾಯಿಯನ್ನು ಬೇರೆ ಕಡೆ ಸಾಗಿಸಿ, ಆ ಜಾಗಕ್ಕೆ ಇದನ್ನೇ ತನ್ನಿ. ಎತ್ತರ ಜಾಸ್ತಿಯಿದ್ದರೆ ಮಲಗುವ ಕೋಣೆಯಲ್ಲಿ ಮಂಚದ ಕಾಲ ಕಡೆ ಇಡಿ. ಎಲ್ಲೇ ಇಟ್ಟರೂ ಒಳಗೆ ಏನಾದರೂ ತುಂಬಿ. ಹೊದಿಕೆ, ಚಾದರ, ಚಳಿಗಾಲದ ಬಟ್ಟೆ. ಮರದ ಬಣ್ಣ ಕೋಣೆಯಲ್ಲಿ ಒಂಟಿಯಾಗಬಾರದು. ಅದೇ ಕಂದು ಬಣ್ಣ ಇನ್ನೆರಡು ಕಡೆ ಸಣ್ಣದಾಗಿ ಕಾಣಿಸಲಿ. ಒಂದು ಫೋಟೋ ಚೌಕಟ್ಟು, ಒಂದು ದಿಂಬಿನ ಅಂಚು ಸಾಕು. ಆಗ ಪೆಟ್ಟಿಗೆ ನೆಂಟರ ಹಾಗೆ ಕೂರುವುದಿಲ್ಲ, ಮನೆಯವರ ಹಾಗೆ ಕೂರುತ್ತದೆ.

ಒಳಗೆ ಹಿಟ್ಟಿನಂಥ ನುಣ್ಣನೆಯ ಪುಡಿ ಉದುರಿದೆಯಾ ನೋಡಿ. ಇದ್ದರೆ ಮರ ಕೊರೆಯುವ ಹುಳು ಇನ್ನೂ ಬದುಕಿರಬಹುದು. ಅದಕ್ಕೆ ಮದ್ದು ಮಾಡಿಸಿದ ಮೇಲೆಯೇ ಬಟ್ಟೆ ಇಡಿ. ದೀಪದ ಬಗ್ಗೆಯೂ ಒಂದು ಮಾತು. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ (K) ಎಂದು ಬರೆದಿರುತ್ತದೆ, ಅದು ಬೆಳಕಿನ ಬಣ್ಣದ ಅಳತೆ. 6500 ಅಂದರೆ ನೀಲಿ ಬೆರೆತ ಬಿಳಿ, ಅದರಡಿ ಹಳೆಯ ಮರ ಕಳೆಗುಂದುತ್ತದೆ. 2700 ಹಾಕಿ ನೋಡಿ. ಹಳದಿ ಬೆಳಕಿಗೆ ಮರಕ್ಕೆ ಜೀವ ಬರುತ್ತದೆ, ಬೂದು ಸೋಫಾ ಕೂಡ ಬೆಚ್ಚಗೆ ಕಾಣುತ್ತದೆ.

ಪಾಲಿಶ್ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ನಮ್ಮ ತಂದೆಯವರದ್ದು ಒಂದು ಬರೆಯುವ ಮೇಜು ಇತ್ತು. ಬಲಗೈ ಊರುತ್ತಿದ್ದ ಕಡೆ ಮರ ನುಣುಪಾಗಿ ಸ್ವಲ್ಪ ಸವೆದಿತ್ತು. ಎಡಗಡೆ ಶಾಯಿಯ ಒಂದು ಕಲೆ. ಚೆನ್ನಾಗಿ ಮಾಡಿಕೊಡುತ್ತೇವೆ ಅಂದವರೊಬ್ಬರ ಕೈಗೆ ನಾನೇ ಕೊಟ್ಟೆ. ವಾರ ಬಿಟ್ಟು ವಾಪಸ್ ಬಂದಾಗ ಮೇಜು ಗಾಜಿನ ಹಾಗೆ ಹೊಳೆಯುತ್ತಿತ್ತು. ಮೆಷಿನ್ ಹಾಕಿ ಉಜ್ಜಿ, ಮೇಲೆ ದಪ್ಪಗೆ ವಾರ್ನಿಶ್ ಬಳಿದಿದ್ದರು. ಶಾಯಿ ಇಲ್ಲ, ಸವೆತ ಇಲ್ಲ. ಅಪ್ಪನ ಕೈ ಇದ್ದ ಜಾಗವೇ ಇಲ್ಲ. ಆ ನೋವು ನನಗೆ ಇವತ್ತಿಗೂ ಹೋಗಿಲ್ಲ. ನಿಮಗೆ ಹಾಗಾಗಬಾರದು. ಮೊದಲು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಸ್ವಲ್ಪ ಮೇಣ ತಿಕ್ಕಿ. ಪಾಲಿಶ್ ಬೇಕೇ ಬೇಕು ಅನ್ನಿಸಿದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಕೇಳಿ. ಗೀರು ಬಿದ್ದರೆ ಅಷ್ಟು ಜಾಗಕ್ಕೆ ಮತ್ತೆ ಹಚ್ಚಬಹುದು.

ಮಗಳ ಮೇಲೆ ನನಗೆ ಕೋಪವಿಲ್ಲ. ಅವಳ ಸುತ್ತ ಇರುವುದೆಲ್ಲ ‘ಲುಕ್’. ಹೊಸ ಹಲಗೆಗೆ ಸರಪಳಿಯಲ್ಲಿ ಹೊಡೆದು ಗಾಯ ಮಾಡುತ್ತಾರೆ, ಬಣ್ಣ ಬಳಿದು ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜಿ ಹಳೆಯದು ಅನ್ನುತ್ತಾರೆ. ಯಾರೂ ಮುಟ್ಟದ ಕಡೆ ಸವೆದಿರುತ್ತದೆ! ಅವಳನ್ನು ಕರೆದು ಅಜ್ಜಿಯ ಪೆಟ್ಟಿಗೆ ತೋರಿಸಿ. ಮುಚ್ಚಳದ ಮುಂಭಾಗದ ಅಂಚು ಎಲ್ಲಿ ಸವೆದಿದೆ? ಕೈ ಹಾಕಿ ಎತ್ತುವ ಕಡೆ ಮಾತ್ರ. ಅಲ್ಲಿ ಅವಳ ಬೆರಳು ಇಡಿಸಿ.

ಒಳಗಿನ ಮೂಲೆಗಳನ್ನೂ ತೋರಿಸಿ. ಮರಕ್ಕೆ ಮರ ಸಿಕ್ಕಿಸಿ ಕೂಡಿಸಿದ್ದರೆ, ಸಡಿಲವಾದಾಗ ಬಿಚ್ಚಿ ಮತ್ತೆ ಬಿಗಿ ಮಾಡಬಹುದು. ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರಿಗೆ ಅಂಟು ಬೆರೆಸಿ ಒತ್ತಿದ ಹಲಗೆ. ನೀರು ಇಳಿದರೆ ಉಬ್ಬುತ್ತದೆ, ಸ್ಕ್ರೂ ತೂತು ಒಮ್ಮೆ ದೊಡ್ಡದಾದರೆ ಮತ್ತೆ ಹಿಡಿಯುವುದು ಕಷ್ಟ. ಹಗುರ, ಬೇಗ ಸಿಗುತ್ತದೆ, ಒಪ್ಪೋಣ. ಆದರೆ ರಿಪೇರಿ ಮಾಡಲಾಗದ ಸಾಮಾನು ತುಂಬಿಕೊಂಡ ಮೇಲೆ ರಿಪೇರಿ ಮಾಡುವವರು ಹೇಗೆ ಉಳಿಯುತ್ತಾರೆ? ಬೆತ್ತ ಹೆಣೆಯುವವರನ್ನು ಹುಡುಕಿ ಸುಸ್ತಾದೆ ಎಂದು ಬರೆಯುವ ಓದುಗರು ಎಷ್ಟು ಮಂದಿ! ನನಗೆ ನಿಜವಾಗಿ ಬೇಜಾರಾಗುವುದು ಇಲ್ಲಿ. ಮನೆಯನ್ನು ನಾವು ಫೋಟೋಗಾಗಿ ಜೋಡಿಸಲು ಕಲಿತೆವು. ಕೂರಬಾರದ ಕುರ್ಚಿ, ಒರಗಬಾರದ ದಿಂಬು, ಮಕ್ಕಳು ಮುಟ್ಟಬಾರದ ಟೇಬಲ್. ಮಗು ಗೀರು ಹಾಕಿದರೆ ಮನೆಮಂದಿಯೆಲ್ಲ ಬೆಚ್ಚಿಬೀಳುತ್ತಾರೆ. ಆ ಗೀರು ನಿಮ್ಮ ಪೆಟ್ಟಿಗೆಯ ಮೇಲೆ ಬಿದ್ದರೆ ಬೀಳಲಿ ಬಿಡಿ, ಅಲ್ವಾ?

ಕನ್ನಡಿಯನ್ನು ಕಿಟಕಿಯ ಎದುರು ಗೋಡೆಗೆ ಹಾಕಿ, ಕೋಣೆಗೆ ಬೆಳಕು ಹೆಚ್ಚುತ್ತದೆ. ಅಲಂಕಾರಕ್ಕೆಂದು ಎತ್ತರದಲ್ಲಿ ತೂಗಬೇಡಿ. ಬೆಳಿಗ್ಗೆ ಮಗಳು ತಲೆ ಬಾಚಿಕೊಳ್ಳುವಾಗ ಮುಖ ಕಾಣುವಷ್ಟು ಎತ್ತರ ಸಾಕು. ಮೊಳೆ ಹೊಡೆಯುವ ಮೊದಲು ಅವಳನ್ನೇ ನಿಲ್ಲಿಸಿ ಗುರುತು ಹಾಕಿಕೊಳ್ಳಿ.