ಓದುಗರ ಪ್ರಶ್ನೆ: ಹತ್ತೇ ನಿಮಿಷಕ್ಕೆ ಮುಗಿಯುವ ಮಾತು

ಪ್ರಶ್ನೆ: ಬೇರೆ ದೇಶದಿಂದ ಓದಲು ಬಂದಿರುವ ಒಬ್ಬ ವಿದ್ಯಾರ್ಥಿನಿಗೆ ನಮ್ಮ ಭಾಷೆಯಲ್ಲಿ ಮಾತಾಡಿ ರೂಢಿಯಾಗಲೆಂದು ವಾರಕ್ಕೊಮ್ಮೆ ಒಂದು ಗಂಟೆ ಭೇಟಿಯಾಗುತ್ತಿದ್ದೇನೆ. ಹತ್ತು ನಿಮಿಷಕ್ಕೇ ಮಾತು ನಿಂತುಹೋಗುತ್ತದೆ. ನಾನು ಕೇಳುವುದು, ಅವರು ‘ಹೌದು’, ‘ಚೆನ್ನಾಗಿದೆ’ ಎನ್ನುವುದು, ಅಷ್ಟೇ. ಸರಿಯಾಗಿ ಪರಿಚಯವೇ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ಊರು ಯಾವುದು, ಮನೆಯಲ್ಲಿ ಎಷ್ಟು ಜನ, ಇಲ್ಲಿ ಹೇಗನಿಸುತ್ತದೆ? ಈ ಪ್ರಶ್ನೆಗಳಿಗೆ ಅವರು ಸಿಕ್ಕವರಿಗೆಲ್ಲ ಉತ್ತರ ಹೇಳಿ ಆಗಿರುತ್ತದೆ. ಸಿದ್ಧ ಪ್ರಶ್ನೆಗೆ ಸಿದ್ಧ ಉತ್ತರವೇ ಬರುವುದು. ಹಾಗಾಗಿ ಪ್ರಶ್ನೆಗಳ ಪಟ್ಟಿ ಬಿಟ್ಟು, ಇಬ್ಬರೂ ಸೇರಿ ಮಾಡುವ ಒಂದು ಕೆಲಸ ಇಟ್ಟುಕೊಳ್ಳಿ.

ಉದಾಹರಣೆಗೆ, ಇಬ್ಬರೂ ಆ ವಾರ ತಾವು ತೆಗೆದ ಒಂದೊಂದು ಫೋಟೊ ಆರಿಸಿಕೊಳ್ಳಿ. ಫೋಟೊ ತೋರಿಸದೆ ಎರಡು ನಿಮಿಷ ವರ್ಣಿಸಬೇಕು. ಕೇಳಿದವರು ಕಾಗದದ ಮೇಲೆ ಗೆರೆ ಎಳೆದು ಚಿತ್ರ ಬರೆಯಬೇಕು. ಆಮೇಲೆ ಫೋಟೊ ತೆಗೆದು ಹೋಲಿಸಿ ನೋಡಬೇಕು. ಮೊದಲ ಸರದಿ ನಿಮ್ಮದಿರಲಿ. ‘ಎಡಗಡೆ’, ‘ಹಿಂದೆ’, ‘ಅರ್ಧ ಮಾತ್ರ ಕಾಣುತ್ತದೆ’ ಎಂಬಂಥ ಮಾತುಗಳು ನಿಮ್ಮ ವರ್ಣನೆಯಿಂದಲೇ ಅವರಿಗೆ ಸಿಗುತ್ತವೆ. ಚಿತ್ರ ತಪ್ಪಿದಲ್ಲಿ ‘ಅಲ್ಲ, ಅದು ನನ್ನ ತಮ್ಮನ ಸೈಕಲ್’ ಎಂದು ಅವರು ತಿದ್ದುತ್ತಾರಲ್ಲ, ಪರಿಚಯ ಶುರುವಾಗುವುದು ಅಲ್ಲಿಂದಲೇ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಕಲಿಯುವವರು ನಿಮ್ಮ ಮಾತು ಅರ್ಥಮಾಡಿಕೊಳ್ಳಬೇಕು, ಪದ ಹುಡುಕಬೇಕು, ವಾಕ್ಯ ಜೋಡಿಸಬೇಕು. ನಡುವೆ ನೀವು ಇನ್ನೊಂದು ಪ್ರಶ್ನೆ ಹಾಕಿದರೆ ಅರ್ಧ ಕಟ್ಟಿದ ಉತ್ತರ ಬಿದ್ದುಹೋಗುತ್ತದೆ, ಮತ್ತೆ ಮೊದಲಿನಿಂದ ಶುರು. ಮೌನವನ್ನು ತುಂಬಲು ಹೋಗುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ದನಿ ಏರಿಸುವುದರಿಂದಲೂ ಪ್ರಯೋಜನವಿಲ್ಲ. ಸಹಜವಾಗಿ ಮಾತಾಡಿ, ಒಂದೊಂದು ವಿಷಯ ಮುಗಿದಾಗ ಕೊಂಚ ನಿಲ್ಲಿಸಿ. ‘ಅರ್ಥವಾಯಿತಾ?’ ಎಂದರೆ ಸಂಕೋಚಕ್ಕೆ ‘ಹ್ಞೂಂ’ ಎಂದೇ ಬರುತ್ತದೆ. ‘ಹಾಗಾದರೆ ಮೊದಲು ಏನು ಮಾಡಬೇಕು?’ ಎಂದು ಕೇಳಿದರೆ ನಿಜ ಗೊತ್ತಾಗುತ್ತದೆ.

ಗದ್ದಲವಿಲ್ಲದ ಜಾಗವನ್ನೇ ಆರಿಸಿ. ಹಿನ್ನೆಲೆಯಲ್ಲಿ ಸದ್ದಿದ್ದರೆ, ಆ ಭಾಷೆ ಹೊಸದಾದವರಿಗೆ ಮಾತು ಹಿಡಿಯುವುದು ನಿಮಗಿಂತ ಬಹಳ ಕಷ್ಟ.

ಇನ್ನೊಂದು ಮಾತು: ‘ನಿಮ್ಮ ದೇಶದಲ್ಲಿ ಎಲ್ಲರೂ ಹೀಗೇನಾ?’ ಎಂದು ಕೇಳಬೇಡಿ. ಇಡೀ ದೇಶದ ಪರವಾಗಿ ಉತ್ತರಿಸುವ ಭಾರ ಅವರ ಮೇಲೆ ಬೀಳುತ್ತದೆ. ‘ನಿಮ್ಮ ಮನೆಯಲ್ಲಿ ಹೇಗೆ?’ ಎಂದರೆ ಸಾಕು. ವೀಸಾ, ಹಣ, ಧರ್ಮ, ರಾಜಕೀಯದ ವಿಷಯ ಅವರಾಗಿಯೇ ತೆಗೆಯುವವರೆಗೆ ಬೇಡ.

ಪ್ರಶ್ನೆ: ತಪ್ಪು ತಿದ್ದಿದರೆ ಸುಮ್ಮನಾಗಿಬಿಡುತ್ತಾರೆ. ತಿದ್ದದಿದ್ದರೆ ಕಲಿಯುವುದು ಹೇಗೆ?

ಉತ್ತರ: ಮಾತಿನ ಮಧ್ಯೆ ತಡೆಯಬೇಡಿ. ‘ನಾನು ನಿನ್ನೆ ಬರುತ್ತೇನೆ’ ಎಂದರೆ ‘ಓ, ನಿನ್ನೆ ಬಂದಿರಾ? ಯಾರ ಜೊತೆ?’ ಎಂದು ಸರಿ ರೂಪವನ್ನು ನಿಮ್ಮ ಮಾತಿನಲ್ಲೇ ಸೇರಿಸಿ ಮುಂದುವರಿಯಿರಿ. ಕೆಲವರಿಗೆ ಇದು ತಿದ್ದುಪಡಿ ಎಂದು ಹೊಳೆಯುವುದೇ ಇಲ್ಲ. ಅದಕ್ಕೇ, ಮತ್ತೆ ಮತ್ತೆ ಬರುವ ಮೂರು ತಪ್ಪುಗಳನ್ನು ಮಾತ್ರ ಚೀಟಿಯಲ್ಲಿ ಬರೆದಿಟ್ಟು ಕೊನೆಯ ಐದು ನಿಮಿಷದಲ್ಲಿ ತೋರಿಸಿ. ಹತ್ತು ತೋರಿಸಿದರೆ ಒಂದೂ ಉಳಿಯುವುದಿಲ್ಲ. ಅರ್ಥವೇ ಕೆಡುತ್ತಿದ್ದರೆ ಮಾತ್ರ ಆಗಲೇ ಕೇಳಿ.

ತಡವರಿಕೆ ಕಡಿಮೆಯಾಗಲು ‘4-3-2’ ಎಂಬ ಅಭ್ಯಾಸವಿದೆ: ಒಂದೇ ವಿಷಯವನ್ನು 4 ನಿಮಿಷ, ಆಮೇಲೆ 3, ಆಮೇಲೆ 2 ನಿಮಿಷದಲ್ಲಿ ಹೇಳುವುದು. ಪ್ರತಿ ಸಲ ಹೊಸ ಕೇಳುಗರಿರಬೇಕು, ಆದ್ದರಿಂದ ಇನ್ನಿಬ್ಬರು ಗೆಳೆಯರನ್ನು ಕರೆಯಿರಿ. ವಿದ್ಯಾರ್ಥಿನಿಯ ಬಳಗವೂ ಬೆಳೆಯುತ್ತದೆ.

ಪ್ರಶ್ನೆ: ಕಾಲೇಜಿಗೆ ಕೊಡಬೇಕಾದ ಬರಹವನ್ನು ‘ಸ್ವಲ್ಪ ಸರಿಮಾಡಿ’ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಅಂಕಕ್ಕೆ ಕೊಡುವ ಬರಹವನ್ನು ನೀವು ತಿದ್ದಿ ಬರೆದರೆ ಅವರಿಗೇ ತೊಂದರೆ. ಅವರೇ ಗಟ್ಟಿಯಾಗಿ ಓದಲಿ. ಅರ್ಥವಾಗದ ಕಡೆ ‘ಇಲ್ಲಿ ಏನು ಹೇಳಬೇಕೆಂದಿದ್ದಿರಿ?’ ಎಂದು ಕೇಳಿ. ಬಾಯಲ್ಲಿ ಹೇಳಿದ್ದನ್ನು ಅವರೇ ಬರೆದುಕೊಳ್ಳಲಿ. ಅದಕ್ಕೂ ಹದಿನೈದು ನಿಮಿಷ ಮೀರದಿರಲಿ, ಉಳಿದ ಹೊತ್ತು ಮಾತಿಗೇ ಇರಲಿ.