ಮಗುವಿನ ಆರೈಕೆಗೆ ಕಂಪನಿ ಕೊಡುವ ಹಣ ಓಟಿ ಲೆಕ್ಕಕ್ಕೆ ಸೇರುತ್ತದೆಯೇ?

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ನೀವು ಕೇಳಿರುವುದು ಇಷ್ಟು: ಮಗುವಿನ ಆರೈಕೆಗೆಂದು ಕಂಪನಿ ತಿಂಗಳಿಗೆ 1,040 ರೂಪಾಯಿ ಸಂಬಳದ ಜೊತೆಗೇ ಕೊಡುತ್ತಿದೆ, ಓಟಿ (ನಿಗದಿತ ಅವಧಿ ಮೀರಿ ಮಾಡುವ ಕೆಲಸ) ಲೆಕ್ಕ ಹಾಕುವಾಗ ಮಾತ್ರ ಆ ಹಣವನ್ನು ಬಿಟ್ಟುಬಿಡುತ್ತಿದೆ, ಇದು ಸರಿಯೇ? ಮೈಸೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಸಂಬಳದ ಲೆಕ್ಕ ನೋಡಿಕೊಂಡಿದ್ದ ನನಗೆ ಇದು ಸರಿಯೆಂದು ತೋರುವುದಿಲ್ಲ.

ಹಳೆಯ 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಂ ಪ್ರಕಾರ ಓಟಿಗೆ ಸಾಮಾನ್ಯ ಕೂಲಿದರದ ಎರಡು ಪಟ್ಟು ಕೊಡಬೇಕಿತ್ತು, ಮತ್ತು ಆ ದರದಲ್ಲಿ ಮೂಲ ವೇತನದ ಜೊತೆ ಕಾರ್ಮಿಕರಿಗೆ ಸಲ್ಲಬೇಕಾದ ಭತ್ಯೆಗಳೂ ಸೇರುತ್ತಿದ್ದವು. ಬೋನಸ್ ಮತ್ತು ಓಟಿ ಹಣವನ್ನು ಮಾತ್ರ ಕಾಯ್ದೆ ಹೆಸರಿಸಿ ಹೊರಗಿಟ್ಟಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎರಡು ಪಟ್ಟು ಎಂಬುದು ಹಾಗೆಯೇ ಉಳಿದಿದೆ, ಆದರೆ ‘ವೇತನ’ ಎಂಬ ಪದದ ವ್ಯಾಖ್ಯೆ ಬದಲಾಗಿದೆ. ಸಂಬಳ, ಭತ್ಯೆ ಅಥವಾ ಬೇರೆ ಯಾವುದೇ ಹೆಸರಿನಲ್ಲಿ ಬರುವ ಸಂಭಾವನೆಯೆಲ್ಲ ವೇತನವೆಂದು ಹೇಳಿ, ಬಳಿಕ ಬೋನಸ್, ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಪಿಎಫ್‌ಗೆ ಮಾಲೀಕರು ಕಟ್ಟುವ ವಂತಿಗೆ, ಕಮಿಷನ್ ಮೊದಲಾದವನ್ನು ಪಟ್ಟಿ ಮಾಡಿ ಹೊರಗಿಡಲಾಗಿದೆ. ಹೀಗೆ ಹೊರಗಿಟ್ಟವುಗಳ ಮೊತ್ತ ಒಟ್ಟು ಸಂಭಾವನೆಯ ಶೇ 50ನ್ನು ಮೀರಿದರೆ, ಮೀರಿದ ಭಾಗ ಮತ್ತೆ ವೇತನವೇ ಆಗುತ್ತದೆ.

ಮಗುವಿನ ಆರೈಕೆಯ ಭತ್ಯೆ ಆ ಪಟ್ಟಿಯಲ್ಲಿ ಇಲ್ಲ. ಅದೇ ಪಟ್ಟಿಯಲ್ಲಿರುವ ‘ಕೆಲಸದ ಸ್ವರೂಪದಿಂದಾಗಿ ತಗಲುವ ವಿಶೇಷ ಖರ್ಚು’ ಎಂಬ ಬಾಬ್ತಿನಡಿ ಅದನ್ನು ಹೊರಗಿಟ್ಟಿದ್ದೇವೆಂದು ನಿಮ್ಮ ಎಚ್‌ಆರ್‌ನವರು ವಾದಿಸಬಹುದು. ಈ ವಾದವನ್ನು ನಾನು ಒಪ್ಪುವುದಿಲ್ಲ. ಮಗುವನ್ನು ನೋಡಿಕೊಳ್ಳುವ ಖರ್ಚು ಯಾವ ಕೆಲಸ ಮಾಡುವ ತಾಯಿಗೂ ಇದ್ದದ್ದೇ, ಅದು ಹೊಲಿಗೆ ಕೆಲಸದ ಸ್ವರೂಪದಿಂದ ಹುಟ್ಟಿದ್ದಲ್ಲ.

ಆದರೆ ಕಂಪನಿಯೇ ಆವರಣದಲ್ಲಿ ಕ್ರೆಷ್ (ಕೆಲಸದ ವೇಳೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ನಡೆಸುತ್ತಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಅದು ಕಾನೂನು ಹೊರಿಸಿದ ಹೊಣೆ; ಆಯಾ, ತೊಟ್ಟಿಲು, ಹಾಲಿನ ವೆಚ್ಚವನ್ನು ತಾಯಂದಿರ ತಲೆಗೆ ಹಂಚಿ ಓಟಿ ದರಕ್ಕೆ ಸೇರಿಸಿ ಎಂದು ಕೇಳಲು ಬರುವುದಿಲ್ಲ. ಹೊರಗಿನ ಕ್ರೆಷ್‌ನ ರಸೀದಿ ತಂದುಕೊಟ್ಟವರಿಗೆ ಮಾತ್ರ ಖರ್ಚಾದಷ್ಟು ಮರಳಿಸುವ ಪದ್ಧತಿಯಿದ್ದರೂ ಅದನ್ನು ಸಂಬಳವೆನ್ನುವುದು ಕಷ್ಟ. ನಿಮಗೆ ಬರುತ್ತಿರುವುದು ರಸೀದಿ ಕೇಳದೆ ತಿಂಗಳು ತಿಂಗಳು ಕೊಡುವ ನಿಗದಿತ ನಗದು.

ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಎಂಟು ಗಂಟೆಯಂತೆ 26 ದಿನಕ್ಕೆ 208 ಗಂಟೆ, ಗಂಟೆಗೆ 62.50 ರೂಪಾಯಿ, ಓಟಿಗೆ 125. ಆ 1,040 ಸೇರಿಸಿದರೆ ಗಂಟೆಗೆ 67.50, ಓಟಿಗೆ 135. ತಿಂಗಳಿಗೆ 20 ಗಂಟೆ ಓಟಿ ಮಾಡಿದರೆ 200 ರೂಪಾಯಿ ವ್ಯತ್ಯಾಸ, ವರ್ಷಕ್ಕೆ 2,400.

ನಾನಿದ್ದ ಕಾರ್ಖಾನೆಯಲ್ಲೂ ಇದೇ ಆಗಿತ್ತು. ಟೈಲರ್ ಒಬ್ಬರು ಐಡಿ ಕಾರ್ಡಿನ ಹಿಂದೆ ಮಡಿಚಿಟ್ಟಿದ್ದ ಮೂರು ಪೇ ಸ್ಲಿಪ್‌ಗಳನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ‘ಇತರೆ’ ಎಂದಿದ್ದ ಸಾಲಿನ ಮೇಲೆ ಬೆರಳಿಟ್ಟು, “ಸಾರ್, ಈ ದುಡ್ಡು ನನ್ನ ಸಂಬಳವೋ ಅಲ್ಲವೋ?” ಎಂದು ಕೇಳಿದರು. ಕಂಪ್ಯೂಟರಿನಲ್ಲಿ ನೋಡಿದರೆ ಓಟಿಯ ಸೂತ್ರ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನಷ್ಟೇ ತೆಗೆದುಕೊಳ್ಳುತ್ತಿತ್ತು. ಮೇಲಿನವರಿಗೆ ಬರೆದೆ. ನಾಲ್ಕು ತಿಂಗಳ ನಂತರ ಸೂತ್ರ ಸರಿಯಾಯಿತು, ಹಿಂದಿನ ಬಾಕಿಯನ್ನು ಯಾರಿಗೂ ಕೊಡಲಿಲ್ಲ. ಆ ಬಾಕಿಯ ವಿಷಯ ನನ್ನನ್ನು ಇವತ್ತಿಗೂ ಕಾಡುತ್ತದೆ.

ಆದ್ದರಿಂದ ನೀವು ತಡಮಾಡಬೇಡಿ. ಓಟಿ ಮಾಡಿದ ದಿನ ಮತ್ತು ಗಂಟೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪೇ ಸ್ಲಿಪ್‌ಗಳನ್ನು ಜೋಪಾನ ಮಾಡಿ, ಭತ್ಯೆಯನ್ನು ಏಕೆ ಬಿಟ್ಟಿದ್ದಾರೆಂದು ಎಚ್‌ಆರ್‌ಗೆ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಿರುವ ಕಾರ್ಮಿಕ ಭವನಕ್ಕೆ ಹೋಗಿ ವಿಚಾರಿಸಿ. ಹೊಸ ಸಂಹಿತೆಗಳಲ್ಲೊಂದಾದ ವೇತನ ಸಂಹಿತೆಯಡಿ ಬಾಕಿಗೆ ಅರ್ಜಿ ಹಾಕಲು ಮೂರು ವರ್ಷ ಅವಕಾಶವಿದೆ, ಮತ್ತು ಹಣ ಪೂರ್ತಿ ಕೊಟ್ಟಿದ್ದೇವೆಂದು ರುಜುವಾತುಪಡಿಸುವ ಹೊಣೆ ಮಾಲೀಕರದ್ದು. ನಿಮ್ಮ ಲೈನಿನಲ್ಲಿ ಇದೇ ಭತ್ಯೆ ಪಡೆಯುವ ಇತರ ತಾಯಂದಿರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.