ಒಂದೇ ಪಾತ್ರೆ, ಮೂರು ಕುಸಿತ ಒತ್ತಡ: ಯಾವುದು ಸರಿ?

ಪ್ರಶ್ನೆ: ಮಂಗಳೂರಿನ ಬೈಕಂಪಾಡಿಯ ಫ್ಯಾಬ್ರಿಕೇಶನ್ ಶೆಡ್ ಒಂದರಲ್ಲಿ ಡಿಸೈನ್ ನೋಡಿಕೊಳ್ಳುತ್ತೇನೆ. ಒಳವ್ಯಾಸ 1000 ಮಿ.ಮೀ., ದಪ್ಪ 10 ಮಿ.ಮೀ., ಎಸ್‌ಎ-516 ಗ್ರೇಡ್ 70 ಎಂಬ ಉಕ್ಕಿನ ಪ್ಲೇಟಿನ ಪ್ರೆಷರ್ ವೆಸಲ್ (ಒತ್ತಡ ತಡೆಯುವ ಪಾತ್ರೆ). ಎಫ್‌ಇಎಯಲ್ಲಿ (ಪಾತ್ರೆಯನ್ನು ಸಣ್ಣ ತುಂಡುಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕ) ಕುಸಿತ ಗುರುತಿಸಲು ಟ್ವೈಸ್ ಇಲಾಸ್ಟಿಕ್ ಸ್ಲೋಪ್ ಎಂಬ ಗೆರೆ ಎಳೆಯುವ ವಿಧಾನ ಹಾಕಿದರೆ ಶೆಲ್ (ಸಿಲಿಂಡರ್ ಭಾಗ), ನಾಝಲ್ (ಪೈಪ್ ಜೋಡಿಸುವ ಬಾಯಿ), ಡಿಶ್ ಎಂಡ್ (ಬಟ್ಟಲಿನಂಥ ಮುಚ್ಚಳ) ಮೂರರಲ್ಲೂ ಬೇರೆ ಬೇರೆ ಪ್ಲಾಸ್ಟಿಕ್ ಕುಸಿತ ಒತ್ತಡ, ಅಂದರೆ ಲೋಹ ಶಾಶ್ವತವಾಗಿ ವಿರೂಪಗೊಂಡು ಪಾತ್ರೆ ಸೋಲುವ ಒತ್ತಡ, ಬರುತ್ತದೆ. ಯಾವುದನ್ನು ಹಿಡಿಯಲಿ?

ಉತ್ತರ: ಮೂರನ್ನೂ ಬಿಡಿ. ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಳ್ಳಿ.

ಬರಿಯ ಸಿಲಿಂಡರಿನ ಮಿತಿ ಒತ್ತಡ, ಫಾನ್ ಮೈಸಸ್ ಸೂತ್ರದ ಪ್ರಕಾರ, ಯೀಲ್ಡನ್ನು (ಲೋಹ ಶಾಶ್ವತವಾಗಿ ಹಿಗ್ಗತೊಡಗುವ ಸ್ಟ್ರೆಸ್) 1.155ರಿಂದಲೂ ಹೊರ-ಒಳ ತ್ರಿಜ್ಯಗಳ ಅನುಪಾತದ ನ್ಯಾಚುರಲ್ ಲಾಗ್‌ನಿಂದಲೂ ಗುಣಿಸಿದಷ್ಟು. 510/500ರ ಲಾಗ್ 0.0198. ಯೀಲ್ಡ್ 260 ಎಂಪಿಎ (ಮೆಗಾಪಾಸ್ಕಲ್) ಹಾಕಿದರೆ 5.94 ಎಂಪಿಎ, ಅಂದರೆ ಸುಮಾರು 59 ಬಾರ್. ಎಡವುವುದು ಇಲ್ಲೇ. ಎಎಸ್‌ಎಂಇ ಸಂಹಿತೆಯ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ನಿಯಮಾವಳಿ) ಲಿಮಿಟ್ ಲೋಡ್, ಅಂದರೆ ಮಿತಿ ಹೊರೆಯ, ವಿಧಾನ ಕೇಳುವುದು ಪ್ಲೇಟಿನ ಯೀಲ್ಡನ್ನಲ್ಲ, ಅನುಮತಿಸಿದ ಸ್ಟ್ರೆಸ್ಸಿನ ಒಂದೂವರೆ ಪಟ್ಟನ್ನು. ಆ ಸಂಹಿತೆಯ ಸೆಕ್ಷನ್ 8, ಡಿವಿಷನ್ 1ರ ಪಾತ್ರೆಗೆ ಅದು 138ರ ಒಂದೂವರೆ ಪಟ್ಟು, 207 ಎಂಪಿಎ. ಆಗ ಕುಸಿತ 4.73ಕ್ಕೆ ಇಳಿಯುತ್ತದೆ, ಅದನ್ನು ಸುರಕ್ಷತೆಯ 1.5ರಿಂದ ಭಾಗಿಸಿದರೆ ಅನುಮತಿಸಬಹುದಾದ ಒತ್ತಡ 3.16 ಎಂಪಿಎ. ಟೆಸ್ಟ್ ಸರ್ಟಿಫಿಕೇಟಿನಲ್ಲಿ ಯೀಲ್ಡ್ 310 ಎಂದು ಬರೆದಿದ್ದರೂ ಅದನ್ನು ತುಂಬಬೇಡಿ.

ಇನ್ನು ನಿಮ್ಮ ಮೂರು ಉತ್ತರಗಳು. ಒತ್ತಡವನ್ನು ಲಂಬ ಅಕ್ಷಕ್ಕೆ, ಸ್ಟ್ರೇನನ್ನು (ಲೋಹ ಹಿಗ್ಗಿದ ಪ್ರಮಾಣ) ಅಡ್ಡಕ್ಕೆ ಹಾಕಿದಾಗ ನೀವು ಎಳೆಯುವ ಗೆರೆಯ ಇಳಿಜಾರು ಯೀಲ್ಡಿಗೆ ಮೊದಲಿನ ನೇರ ಗೆರೆಯದರ ಅರ್ಧ (ಹೆಸರಲ್ಲಿ ಮಾತ್ರ 'ಟ್ವೈಸ್'). ಆ ಗೆರೆ ನೀವು ಆರಿಸಿದ ಬಿಂದುವಿನ ಬಿಗುವಿಗೆ ಅಂಟಿಕೊಂಡಿದೆ. ನಾಝಲಿನ ಮೂಲೆ ಬೇಗ ಯೀಲ್ಡ್ ಆಗುತ್ತದೆ, ಆದರೆ ಸುತ್ತಲಿನ ಲೋಹ ಹೊರೆ ಹೊತ್ತುಕೊಳ್ಳುತ್ತದೆ; ಅಲ್ಲಿ ಗೆರೆ ಒತ್ತಡದ ವಕ್ರರೇಖೆಯನ್ನು ಬೇಗ ಕತ್ತರಿಸಿದರೆ ಪಾತ್ರೆ ಕುಸಿಯಿತು ಎಂದಲ್ಲ. ಅದೇ ಸಂಹಿತೆಯ 2007ರ ಡಿವಿಷನ್ 2 ಈ ಗೆರೆಯ ವಿಧಾನವನ್ನು ಕೈಬಿಟ್ಟಿತು. ಅದರ ಬದಲು, ಸಮತೋಲನ ಸಿಗದೆ ಕಂಪ್ಯೂಟರಿನ ಲೆಕ್ಕ ನಿಲ್ಲುವ ಹೊರೆಯನ್ನೇ ಕುಸಿತ ಎನ್ನುತ್ತಾರೆ.

ಹಾಗೆಂದು ಸಾಫ್ಟ್‌ವೇರ್ ನಿಂತಲ್ಲೆಲ್ಲ ಕುಸಿತವಲ್ಲ. ಯೀಲ್ಡ್ ಆದ ಮೇಲೆ ಗಟ್ಟಿಯಾಗದ ಸ್ಟೀಲ್ ಮಾದರಿ, ಸಣ್ಣ ವಿರೂಪದ ಲೆಕ್ಕ, ದಪ್ಪದುದ್ದಕ್ಕೂ ಕನಿಷ್ಠ ಮೂರು ಕ್ವಾಡ್ರಾಟಿಕ್ ಎಲಿಮೆಂಟ್ (ಬಾಗಬಲ್ಲ ಅಂಚಿನ ತುಂಡು) ಇಟ್ಟು, ಕೊನೆಯ ಹತ್ತಿರ ಒತ್ತಡವನ್ನು ಶೇ. 1ರಂತೆ ಏರಿಸಿ. ನಿಂತ ಕ್ಷಣದ ಪ್ಲಾಸ್ಟಿಕ್ ಸ್ಟ್ರೇನ್ ಚಿತ್ರ ತೆಗೆದು ನೋಡಿ: ದಪ್ಪ ಪೂರ್ತಿ ಕೆಂಪಾಗಿ, ಪಟ್ಟಿಯೊಂದು ಸುತ್ತ ಹರಡಿದ್ದರೆ ನಿಜವಾದ ಕುಸಿತ. ಒಂದೇ ಎಲಿಮೆಂಟ್ ಸೊಟ್ಟಗಾಗಿದ್ದರೆ ಮೆಶ್ಶೋ (ಎಲಿಮೆಂಟುಗಳ ಜಾಲ) ಸಪೋರ್ಟೋ ತಪ್ಪಿದೆ. ನಾಝಲಿಲ್ಲದ ಶೆಲ್ಲನ್ನು ಮಾತ್ರ ಓಡಿಸಿದಾಗ 4.73ರ ಆಸುಪಾಸು ಬಾರದಿದ್ದರೆ ಮುಂದೆ ಹೋಗಲೇಬೇಡಿ.

ಡಿಶ್ ಎಂಡಿನ ನಕಲ್ (knuckle, ಅಂಚಿನ ಬಳಿ ತೀವ್ರವಾಗಿ ಬಾಗಿದ ಭಾಗ) ಮಾತ್ರ ಬೇರೆ ವಿಷಯ. ಒಳ ಒತ್ತಡದಲ್ಲೂ ಅಲ್ಲಿ ಸುತ್ತಳತೆಯ ದಿಕ್ಕಿನಲ್ಲಿ ಸಂಕೋಚನ ಹುಟ್ಟುತ್ತದೆ. ತೆಳು ಡಿಶ್ ಎಂಡುಗಳು ಸುಕ್ಕುಗಟ್ಟುವುದು ಅದಕ್ಕೇ. ಸಣ್ಣ ವಿರೂಪದ ಲೆಕ್ಕಕ್ಕೆ ಇದು ಕಾಣುವುದಿಲ್ಲ, ಬಕ್ಲಿಂಗ್ (ಸಂಕೋಚನದಿಂದ ಸುಕ್ಕುಗಟ್ಟುವುದು) ಬೇರೆಯೇ ನೋಡಬೇಕು. ಒತ್ತಿ ರೂಪಿಸುವಾಗ ನಕಲ್ ತೆಳುವಾಗುವುದರಿಂದ ಯುಟಿ (ಅಲ್ಟ್ರಾಸಾನಿಕ್) ಮೀಟರ್ ಇಟ್ಟು ಅಳೆದ ದಪ್ಪವನ್ನೇ ತುಂಬಿ.

ಪಾತ್ರೆ ಹಳೆಯದಾಗಿದ್ದರೆ ನಮ್ಮ ಕಡಲ ಗಾಳಿಗೆ ಇನ್ಸುಲೇಶನ್ನಿನ ಅಡಿಯಲ್ಲಿ, ಸ್ಯಾಡಲ್ (ಪಾತ್ರೆಯನ್ನು ಕೂರಿಸುವ ಆಧಾರ) ಅಂಚಿನಲ್ಲಿ ತುಕ್ಕು ತಿಂದಿರುತ್ತದೆ. ಹೊರಗಿನಿಂದ 2 ಮಿ.ಮೀ. ಸುತ್ತಲೂ ಹೋದರೆ 4.73 ಎಂಬುದು 3.79 ಆಗುತ್ತದೆ.